ಮೋಟಾರ್ ವೈಂಡಿಂಗ್ ಅಂಗಡಿಯ ವೆಬ್‌ಸೈಟಿಗೆ ಜನ ಬರುವುದು ಕಡಿಮೆಯಾದಾಗ: ಹುಡುಕಿದ್ದು, ಸರಿಪಡಿಸಿದ್ದು

ತುಮಕೂರು ಜಿಲ್ಲೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರ್ ಎತ್ತಿ ತಂದು ವೈಂಡಿಂಗ್ ಮಾಡುವುದು, ಬುಷ್ ಮತ್ತು ಥ್ರಸ್ಟ್ ಬೇರಿಂಗ್ ಬದಲಿಸುವುದು, ಪಂಪಿಗೆ ಇಂಪೆಲ್ಲರ್ ಹಾಕುವುದು, ಸ್ಟಾರ್ಟರ್ ಮತ್ತು ಪ್ಯಾನೆಲ್ ರಿಪೇರಿ ಅಲ್ಲಿನ ಕೆಲಸ. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ವೆಬ್‌ಸೈಟ್ ಇದೆ. 2025ರ ಬೇಸಿಗೆ ಮುಗಿಯುವ ಹೊತ್ತಿಗೆ ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳುಗಳ ಅರ್ಧಕ್ಕಿಂತ ಕೆಳಗಿತ್ತು. "ಈ ಸೈಟು ಹಳೇದಾಯ್ತು ಸಾರ್, ಹೊಸದೇ ಮಾಡ್ಸಿಬಿಡೋಣ" ಎಂಬುದು ಅಂಗಡಿಯವರ ಮಾತು. ಕಾರಣ ಗೊತ್ತಾಗುವವರೆಗೆ ಒಂದು ಪುಟವನ್ನೂ ಮುಟ್ಟಬೇಡಿ ಎಂದು, ಸೈಟ್ ಪರಿಶೀಲಿಸಲು ಹೋದ ನಾವು ಕೇಳಿಕೊಂಡೆವು.

ಮೋಟಾರ್ ಓಡುತ್ತಿಲ್ಲ ಎಂದು ಫೋನ್ ಬಂದರೆ ಆ ಅಂಗಡಿಯವರೂ ನೇರ ಹೋಗಿ ಪೈಪ್ ಎತ್ತುವುದಿಲ್ಲ. ಮೂರೂ ಫೇಸ್ ಬರುತ್ತಿದೆಯೇ ನೋಡುತ್ತಾರೆ, ಸ್ಟಾರ್ಟರ್ ತೆರೆಯುತ್ತಾರೆ, ಕೇಬಲ್ಲಿಗೆ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚುತ್ತಾರೆ. ಅಲ್ಲೆಲ್ಲ ಸರಿಯಿದ್ದರೆ ಮಾತ್ರ ಎತ್ತುವ ಗಾಡಿ ಬರುತ್ತದೆ. ಸೈಟಿಗೂ ಅದೇ ಕ್ರಮ ಬೇಕು. "ಜನ ಬರುವುದು ಕಡಿಮೆಯಾಗಿದೆ" ಎನ್ನುವಾಗ ಎಣಿಸುವ ಸಾಧನವೇ ಕೆಟ್ಟಿರಬಹುದು, ಹುಡುಕುವವರೇ ಕಡಿಮೆಯಾಗಿರಬಹುದು, ಗೂಗಲ್‌ನಲ್ಲಿ ಸ್ಥಾನ ಕುಸಿದಿರಬಹುದು, ಇಲ್ಲವೇ ಸ್ಥಾನ ಅಲ್ಲೇ ಇದ್ದು ಜನ ಒತ್ತದೆ ಮುಂದೆ ಹೋಗುತ್ತಿರಬಹುದು. ಒಂದರ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಈ ಅಂಗಡಿಯಲ್ಲಿ ನಾಲ್ಕೂ ಸ್ವಲ್ಪ ಸ್ವಲ್ಪ ಸೇರಿಕೊಂಡಿದ್ದವು, ಹಾಗಾಗಿ ಬಿಡಿಸಿ ನೋಡಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಹಿಡಿಯಿತು.

ಮೊದಲು ಎಣಿಕೆ

ಅಂಗಡಿಯವರು ನೋಡುತ್ತಿದ್ದದ್ದು ಗೂಗಲ್ ಅನಲಿಟಿಕ್ಸ್‌ನ 'ವ್ಯೂಸ್' ಎಂಬ ಸಂಖ್ಯೆ, ಅಂದರೆ ಪುಟಗಳನ್ನು ಎಷ್ಟು ಬಾರಿ ತೆರೆದರು ಎಂಬುದು. ಅದರ ಪಕ್ಕದಲ್ಲೇ 'ಯೂಸರ್ಸ್', ಅಂದರೆ ಎಷ್ಟು ಜನ ಬಂದರು ಎಂಬುದನ್ನು ಇಟ್ಟು ದಿನವಾರು ಗೆರೆ ಎಳೆದಾಗ ವಿಷಯ ಕಂಡಿತು: ವ್ಯೂಸ್ ಒಂದೇ ದಿನದಲ್ಲಿ ಧೊಪ್ಪನೆ ಅರ್ಧಕ್ಕೆ ಬಿದ್ದಿತ್ತು, ಯೂಸರ್ಸ್ ಗೆರೆ ಅಂದು ಅಲುಗಾಡಿಯೇ ಇರಲಿಲ್ಲ. ಗೂಗಲ್‌ನ ಸ್ಥಾನ ಕುಸಿದರೆ ಗೆರೆ ಹೀಗೆ ಬೀಳುವುದಿಲ್ಲ. ಎರಡೂ ಒಟ್ಟಿಗೆ, ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳ ಅವಧಿಯಲ್ಲಿ ಇಳಿಯುತ್ತವೆ.

ಆ ದಿನ ಆದದ್ದು ಥೀಮ್ ಅಪ್‌ಡೇಟ್. ಅಲ್ಲಿಯವರೆಗೆ ಎಣಿಕೆಯ ಕೋಡ್ ಎರಡು ಕಡೆ ಇತ್ತು: ಒಂದು ಥೀಮಿನ ಹೆಡರ್ ಫೈಲಿನಲ್ಲಿ ಕೈಯಿಂದ ಅಂಟಿಸಿದ್ದು, ಇನ್ನೊಂದು ಪ್ಲಗಿನ್ ಹಾಕಿದ್ದು. ಒಬ್ಬರು ಒಂದು ಪುಟ ತೆರೆದರೆ ಎರಡು ವ್ಯೂ ದಾಖಲಾಗುತ್ತಿತ್ತು. ಎರಡೂ ಕೋಡು ಬ್ರೌಸರಿನಲ್ಲಿರುವ ಒಂದೇ ಕುಕೀಯನ್ನು ಓದುವುದರಿಂದ ಯೂಸರ್ ಮಾತ್ರ ಒಬ್ಬರೇ. ಅಪ್‌ಡೇಟ್ ಹೆಡರ್ ಫೈಲನ್ನು ಅಳಿಸಿ ಹೊಸದು ಹಾಕಿದಾಗ ಒಂದು ಕೋಡ್ ಹೋಯಿತು. ಅಂದರೆ ಹಳೆಯ ಸಂಖ್ಯೆ ಸುಳ್ಳು, ಹೊಸದು ನಿಜ. ಗೂಗಲ್‌ನ ಪರೀಕ್ಷಾ ಸಾಧನವಾದ ಟ್ಯಾಗ್ ಅಸಿಸ್ಟೆಂಟ್ ತೆರೆದು ಒಂದು ಪುಟಕ್ಕೆ ಎಷ್ಟು ಬಾರಿ ವ್ಯೂ ಹೋಗುತ್ತಿದೆ ಎಂದು ನೋಡಲು ಎರಡು ನಿಮಿಷ ಸಾಕು. ಕೋಡನ್ನು ಒಂದೇ ಕಡೆ ಇಡಿ. ಥೀಮ್ ಫೈಲಿನಲ್ಲಂತೂ ಇಡಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಒರೆಸುತ್ತದೆ.

ಅನಲಿಟಿಕ್ಸ್ ಸೆಟ್ಟಿಂಗ್‌ನಲ್ಲಿ ವಿವರವಾದ ಡೇಟಾ ಉಳಿಸುವ ಅವಧಿ ಮೊದಲಿಗೆ 2 ತಿಂಗಳು ಇರುತ್ತದೆ. ಅದನ್ನು 14 ತಿಂಗಳಿಗೆ ಏರಿಸಿದೆವು. ಆಗಲೇ ಅಳಿಸಿಹೋದ ಡೇಟಾ ಮರಳಿ ಬರುವುದಿಲ್ಲ, ಆದ್ದರಿಂದ ಸೈಟ್ ಶುರುವಾದ ದಿನವೇ ಮಾಡಬೇಕಾದ ಕೆಲಸ. 'ಡೈರೆಕ್ಟ್' ಎಂದು ತೋರಿಸುವುದನ್ನು ವಿಳಾಸ ಟೈಪ್ ಮಾಡಿ ಬಂದವರು ಎಂದೂ ಓದಬಾರದು. ವಾಟ್ಸಾಪಿನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದವರಲ್ಲಿ ಬಹಳ ಮಂದಿ ಅಲ್ಲೇ ಸೇರುತ್ತಾರೆ. ಊರಿನ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಮೊಬೈಲ್ ಡೇಟಾದಲ್ಲಿ ಬಂದವರ ಊರನ್ನು ಐಪಿ ವಿಳಾಸದಿಂದ ಅಂದಾಜಿಸುವುದರಿಂದ ಶಿರಾದ ರೈತರು ಬೆಂಗಳೂರಿನವರಾಗಿ ಕಾಣುವುದು ಸಾಮಾನ್ಯ.

ಹುಡುಕುವವರು ಕಡಿಮೆಯಾದರೇ?

ಎಣಿಕೆಯ ತಪ್ಪು ಕಳೆದ ಮೇಲೂ ಇಳಿತ ಉಳಿದಿತ್ತು. ಇಲ್ಲಿಂದ ಮುಂದೆ ಸರ್ಚ್ ಕನ್ಸೋಲ್‌ನ ಕೆಲಸ. ಸೈಟು ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ಗೂಗಲ್ಲೇ ತೋರಿಸುವ ಸಾಧನ ಅದು. ತೆರೆದಾಗ ಸಿಕ್ಕಿದ್ದು ಹಳೆಯ ವಿಳಾಸದ ಖಾತೆ, ಅಂದರೆ ಸೈಟಿನ ವಿಳಾಸ ಸುರಕ್ಷಿತ ಎಚ್‌ಟಿಟಿಪಿಎಸ್ ರೂಪಕ್ಕೆ ಬರುವ ಮುಂಚಿನದು. ಅದು ಆ ಒಂದು ರೂಪದ ವಿಳಾಸವನ್ನಷ್ಟೇ ಎಣಿಸುತ್ತದೆ, ಈಗ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತಿತ್ತು. ಡೊಮೇನ್ ಕೊಂಡ ಕಡೆ ಡಿಎನ್ಎಸ್ ಎಂಬ ಸೆಟ್ಟಿಂಗ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸಿ 'ಡೊಮೇನ್ ಪ್ರಾಪರ್ಟಿ' ಮಾಡಿದರೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು, ಇಲ್ಲದಿರುವುದು ಎಲ್ಲವೂ ಒಂದೇ ಲೆಕ್ಕಕ್ಕೆ ಬರುತ್ತವೆ.

ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳುತ್ತದೆ. 2025ರ ಜೂನ್‌ನಲ್ಲಿ ಕೂತರೆ 2024ರ ಫೆಬ್ರವರಿಯವರೆಗೆ ಕಾಣುತ್ತದೆ, ಅದರಾಚೆಗಿಲ್ಲ. ನಮಗೆ ಬೇಕಾಗಿದ್ದ ಮಾರ್ಚ್, ಏಪ್ರಿಲ್, ಮೇ ಎರಡೂ ವರ್ಷದ್ದು ಸಿಕ್ಕಿತು. ಅದನ್ನು ಅಂದೇ ಶೀಟಿಗೆ ಇಳಿಸಿಕೊಂಡು, ಅಲ್ಲಿಂದ ಪ್ರತಿ ತಿಂಗಳ ಮೊದಲ ವಾರ ಇಳಿಸಿಡುವ ಪದ್ಧತಿ ಮಾಡಿದೆವು. ಹಿಂದಿನ 28 ದಿನಕ್ಕೆ ಈ 28 ದಿನವನ್ನು ಹೋಲಿಸುವುದು ಈ ಕಸುಬಿಗೆ ಹೊಂದುವುದಿಲ್ಲ. ಬೋರ್‌ವೆಲ್ ಮೋಟಾರ್ ಸುಡುವುದು ಫೆಬ್ರವರಿಯಿಂದ ಮೇವರೆಗೆ. ಮಳೆ ಹಿಡಿದರೆ ಕೆಲಸ ತಾನಾಗಿ ಇಳಿಯುತ್ತದೆ. ಮೇ ತಿಂಗಳ ಎದುರು ಜೂನ್ ಇಟ್ಟರೆ ಪ್ರತಿ ವರ್ಷವೂ ಸೈಟ್ ಕುಸಿದಂತೆಯೇ ಕಾಣುತ್ತದೆ.

ವರ್ಷದ ಎದುರು ವರ್ಷ ಇಟ್ಟಾಗಲೂ ಒಂದು ಎಚ್ಚರ ಬೇಕಿತ್ತು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಅದರ ಪೆಟ್ಟು ಬಿದ್ದದ್ದು 2024ರ ಬೇಸಿಗೆಯಲ್ಲಿ. ನೀರಿನ ಮಟ್ಟ ಇಳಿದು ಪಂಪ್ ಒಣಗಿ ಓಡಿದರೆ ಮೋಟಾರಿಗೆ ತಂಪು ಸಿಗದೆ ವೈಂಡಿಂಗ್ ಸುಡುತ್ತದೆ. ಆ ಬೇಸಿಗೆಯಲ್ಲಿ ವೈಂಡಿಂಗ್ ಅಂಗಡಿಗಳ ಮುಂದೆ ಮೋಟಾರ್ ಸಾಲಾಗಿ ಬಿದ್ದಿದ್ದವು. 2025ರಲ್ಲಿ ಮೇ ತಿಂಗಳಲ್ಲೇ ಒಳ್ಳೆಯ ಮಳೆಯಾಯಿತು, ಮುಂಗಾರು ಮೇ 24ಕ್ಕೆ ಕೇರಳ ಮುಟ್ಟಿತು. ಬರದ ವರ್ಷವನ್ನು ಅಳತೆಗೋಲು ಮಾಡಿಕೊಂಡರೆ ಮಳೆಯ ವರ್ಷ ಸೋಲಲೇಬೇಕು.

ಇದು ಊಹೆಯಾಗಿ ಉಳಿಯದಂತೆ ಪರೀಕ್ಷಿಸುವ ದಾರಿ ಇದೆ. ಸರ್ಚ್ ಕನ್ಸೋಲ್‌ನಲ್ಲಿ ಒಂದೊಂದೇ ಹುಡುಕು ಪದ ತೆಗೆದು ಇಂಪ್ರೆಶನ್ (ಹುಡುಕಿದವರ ಫಲಿತಾಂಶದಲ್ಲಿ ಸೈಟು ಎಷ್ಟು ಬಾರಿ ಕಂಡಿತು ಎಂಬುದು) ಮತ್ತು ಸ್ಥಾನ ಎರಡನ್ನೂ ಒಟ್ಟಿಗೆ ನೋಡಬೇಕು. ಇಂಪ್ರೆಶನ್ ಇಳಿದು ಸ್ಥಾನ ಹಾಗೆಯೇ ಇದ್ದರೆ ಹುಡುಕುವವರು ಕಡಿಮೆ. ಸ್ಥಾನವೇ ಜಾರಿದ್ದರೆ ಬೇರೆಯವರು ಮೇಲೆ ಬಂದಿದ್ದಾರೆ. ಎರಡೂ ಅಲ್ಲೇ ಇದ್ದು ಕ್ಲಿಕ್ ಇಳಿದಿದ್ದರೆ ಫಲಿತಾಂಶದ ಪುಟದ ರೂಪ ಬದಲಾಗಿದೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಆರಿಸಿ ಅದೇ ಪದವನ್ನು ಐದು ವರ್ಷಕ್ಕೆ ನೋಡಿದರೆ ಮೊದಲನೆಯದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಆದರೆ ಒಂದು ತಾಲ್ಲೂಕಿನ ಮಟ್ಟದ ಪದಗಳಿಗೆ ಅಲ್ಲಿ ಗೆರೆಯೇ ಮೂಡುವುದಿಲ್ಲ, ದೊಡ್ಡ ಪದಗಳನ್ನೇ ಹಾಕಬೇಕು. ಈ ಅಂಗಡಿಯ 'ಬೋರ್‌ವೆಲ್ ಮೋಟಾರ್' ಗುಂಪಿನ ಪದಗಳಲ್ಲಿ ಇಂಪ್ರೆಶನ್ ಇಳಿದಿತ್ತು, ಸ್ಥಾನ ಹೆಚ್ಚುಕಡಿಮೆ ಅಲ್ಲೇ ಇತ್ತು. ಆ ಭಾಗ ಮಳೆಯ ಲೆಕ್ಕಕ್ಕೆ ಹೋಯಿತು.

ಸರಾಸರಿ ಸ್ಥಾನ ಎಂಬ ಒಟ್ಟು ಸಂಖ್ಯೆಯನ್ನು ನೋಡಿ ತೀರ್ಮಾನಿಸಬೇಡಿ. ಐವತ್ತನೇ ಸ್ಥಾನದಲ್ಲಿ ಕಾಣುತ್ತಿದ್ದ ಹತ್ತಾರು ಪದಗಳು ಪೂರ್ತಿ ಬಿದ್ದುಹೋದರೆ ಉಳಿದವುಗಳ ಸರಾಸರಿ ಸುಧಾರಿಸಿದಂತೆ ಕಾಣುತ್ತದೆ. ಪದಗಳ ಪಟ್ಟಿಯ ಕ್ಲಿಕ್ ಕೂಡಿಸಿದರೆ ಮೇಲಿನ ಒಟ್ಟಿಗೆ ತಾಳೆಯಾಗುವುದೂ ಇಲ್ಲ, ಏಕೆಂದರೆ ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಖಾಸಗಿತನಕ್ಕಾಗಿ ಮುಚ್ಚಿಡುತ್ತದೆ. ಸಣ್ಣ ಊರಿನ ಕಸುಬಿಗೆ ಈ ಮುಚ್ಚಿಟ್ಟ ಪಾಲೇ ದೊಡ್ಡದು.

ಸೆಪ್ಟೆಂಬರ್ ಮಧ್ಯದಲ್ಲಿ ಇಂಪ್ರೆಶನ್ ಮತ್ತೆ ಒಮ್ಮೆಲೇ ಬಿದ್ದು ಅಂಗಡಿಯವರು ಗಾಬರಿಯಾದರು. ಒಂದೇ ಪುಟದಲ್ಲಿ 100 ಫಲಿತಾಂಶ ತರಿಸಿಕೊಳ್ಳುವ ಸೌಲಭ್ಯವನ್ನು ಗೂಗಲ್ ಆ ತಿಂಗಳು ನಿಲ್ಲಿಸಿತು. ಸೈಟುಗಳ ಸ್ಥಾನ ಅಳೆಯುವ ತಂತ್ರಾಂಶಗಳು ಅದನ್ನು ಬಳಸಿ ಹತ್ತನೇ ಪುಟದವರೆಗೆ ಎಲ್ಲರಿಗೂ ಇಂಪ್ರೆಶನ್ ಸುರಿಯುತ್ತಿದ್ದವು. ಡಿವೈಸ್ ಫಿಲ್ಟರ್ ಹಾಕಿ ನೋಡಿದರೆ ಇಳಿತ ಡೆಸ್ಕ್‌ಟಾಪ್‌ನಲ್ಲಿತ್ತು, ಮೊಬೈಲ್ ಗೆರೆ ನೆಟ್ಟಗಿತ್ತು, ಕ್ಲಿಕ್ ಕಡಿಮೆಯಾಗಿರಲಿಲ್ಲ. ರೈತರು ಡೆಸ್ಕ್‌ಟಾಪ್‌ನಲ್ಲಿ ಮೋಟಾರ್ ರಿಪೇರಿ ಹುಡುಕುವುದಿಲ್ಲ. 2025ರ ಸೆಪ್ಟೆಂಬರ್ ದಾಟುವ ಯಾವುದೇ ಹೋಲಿಕೆಯಲ್ಲಿ ಇಂಪ್ರೆಶನ್ ಬಿಟ್ಟು ಕ್ಲಿಕ್ಕನ್ನೇ ನಂಬಿ.

ಒತ್ತದೆ ಹೋಗುವವರು

ಸೈಟಿನ ಒಟ್ಟು ಕ್ಲಿಕ್‌ನಲ್ಲಿ ದೊಡ್ಡ ಪಾಲು ತರುತ್ತಿದ್ದದ್ದು ಒಂದೇ ಲೇಖನ. ಸಿಂಗಲ್ ಫೇಸ್ ಮೋಟಾರಿನ ಪ್ಯಾನೆಲ್‌ನಲ್ಲಿ ಸ್ಟಾರ್ಟ್ ಕೆಪಾಸಿಟರ್, ರನ್ ಕೆಪಾಸಿಟರ್ ಹೇಗೆ ಜೋಡಿಸಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದದ್ದು. ಓದುವವರು ದೇಶದ ತುಂಬ ಇದ್ದರು. ಅದರ ಸ್ಥಾನ ಬದಲಾಗಿರಲಿಲ್ಲ, ಕ್ಲಿಕ್ ಮಾತ್ರ ಕರಗಿತ್ತು. 2024ರ ಆಗಸ್ಟ್‌ನಲ್ಲಿ ಗೂಗಲ್ ಭಾರತದಲ್ಲಿ ಎಐ ಓವರ್‌ವ್ಯೂ, ಅಂದರೆ ಫಲಿತಾಂಶಗಳ ಮೇಲೆ ಎಐ ಬರೆದ ಉತ್ತರ, ತಂದಿತು. ಇಂಥ "ಹೇಗೆ" ಪ್ರಶ್ನೆಗೆ ಉತ್ತರ ಮೇಲೆಯೇ ಸಿಕ್ಕಿಬಿಡುತ್ತದೆ. ಸರ್ಚ್ ಕನ್ಸೋಲ್ ಅದನ್ನು ಬೇರೆ ಮಾಡಿ ತೋರಿಸುವುದಿಲ್ಲ, ಎಲ್ಲ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಪದವನ್ನು ನಾವೇ ಫೋನಿನಲ್ಲಿ ಹುಡುಕಿ ಪರದೆಯಲ್ಲಿ ಏನು ಬರುತ್ತದೆ ಎಂದು ನೋಡಬೇಕಾಯಿತು.

ಈ ಕ್ಲಿಕ್ ಹೋದದ್ದಕ್ಕೆ ನಾವು ಏನೂ ಮಾಡಲಿಲ್ಲ. ಪಟ್ನಾದವರು ಲೇಖನ ಓದಿ ತುಮಕೂರಿಗೆ ಮೋಟಾರ್ ಕಳಿಸುವುದಿಲ್ಲ. ಅದನ್ನು ಮರಳಿ ಪಡೆಯಲು ಇನ್ನಷ್ಟು ಅಂಥ ಲೇಖನ ಬರೆಯಿಸುವುದು ಹಣ ಪೋಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಣ್ಣ ಕಸುಬಿನ ಸೈಟುಗಳಲ್ಲಿ ಇಂಥ ಒಂದೆರಡು ಪುಟ ಇಡೀ ಗ್ರಾಫನ್ನು ಎತ್ತಿ ಹಿಡಿದಿರುತ್ತವೆ. ಅವನ್ನು ತೆಗೆದಿಟ್ಟು ಉಳಿದ ಪುಟಗಳನ್ನು ನೋಡಿದರೆ ಅಂಗಡಿಯ ನಿಜವಾದ ಗೆರೆ ಕಾಣುತ್ತದೆ. ಫಿಲ್ಟರ್‌ನಲ್ಲಿ ಆ ಪುಟವನ್ನು ಹೊರಗಿಟ್ಟಾಗ ಇಳಿತ ಬಹಳ ಚಿಕ್ಕದಾಯಿತು. ಉಳಿದ ಆ ಚಿಕ್ಕ ಇಳಿತ ಮಾತ್ರ ಸರಿಪಡಿಸಬೇಕಾದ್ದಾಗಿತ್ತು.

ಊರಿನ ಹೆಸರು ಬದಲಿಸಿದ ನಲವತ್ತು ಪುಟ

ಸೈಟಿನಲ್ಲಿ ನಲವತ್ತಕ್ಕೂ ಹೆಚ್ಚು ಊರಿನ ಪುಟಗಳಿದ್ದವು. ಗುಬ್ಬಿ, ಕುಣಿಗಲ್, ಶಿರಾ, ಮಧುಗಿರಿ, ಪಾವಗಡ, ತಿಪಟೂರು, ಜೊತೆಗೆ ಹೋಬಳಿಗಳು. ಒಂದೇ ಪಠ್ಯ, ಊರಿನ ಹೆಸರಷ್ಟೇ ಬೇರೆ, ಪ್ಲಗಿನ್ ಹುಟ್ಟಿಸಿದ್ದು. ಕೆಲವು ವರ್ಷ ಇದು ಕೆಲಸ ಮಾಡಿರಲೂಬಹುದು. ಗೂಗಲ್ ಇಂಥವನ್ನು ಡೋರ್‌ವೇ ಪುಟ ಎಂದು ಹಿಂದಿನಿಂದಲೂ ನಿಷೇಧಿಸಿದೆ, ಮತ್ತು 2024ರ ಮಾರ್ಚ್‌ನಲ್ಲಿ ರಾಶಿ ರಾಶಿಯಾಗಿ ಹುಟ್ಟಿಸುವ ಪಠ್ಯದ ವಿರುದ್ಧ ನಿಯಮ ಬಿಗಿ ಮಾಡಿತು. ಸರ್ಚ್ ಕನ್ಸೋಲ್‌ನ ಪುಟಗಳ ವರದಿಯಲ್ಲಿ ಇವುಗಳಲ್ಲಿ ಬಹುಪಾಲು "ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ" ಎಂಬ ಗುಂಪಿನಲ್ಲಿದ್ದವು. ಅಂದರೆ ಗೂಗಲ್ ಓದಿ ನೋಡಿ, ಬೇಡ ಎಂದು ಬದಿಗಿಟ್ಟಿತ್ತು.

ಎಲ್ಲವನ್ನೂ ಅಳಿಸುವ ಮೊದಲು ಅಂಗಡಿಯವರ ಜೊತೆ ಕೂತು ಒಂದೇ ಪ್ರಶ್ನೆ ಕೇಳಿದೆವು: ಈ ಊರಿನ ಕೆಲಸ ಬೇರೆ ಊರಿಗಿಂತ ಹೇಗೆ ಬೇರೆ? ಉತ್ತರ ಇದ್ದ ಕಡೆ ಪುಟ ಉಳಿಯಿತು. ಪಾವಗಡ, ಶಿರಾ ಕಡೆ ಬೋರ್‌ವೆಲ್ ಆಳ. ಹೆಚ್ಚು ಸ್ಟೇಜಿನ ಪಂಪ್ ಬೇಕು, ಕೇಬಲ್ ಉದ್ದವಾಗುತ್ತದೆ. ಕೇಬಲ್ ತೆಳುವಾಗಿದ್ದರೆ ಕೆಳಗೆ ಮೋಟಾರ್ ಮುಟ್ಟುವ ಹೊತ್ತಿಗೆ ವೋಲ್ಟೇಜ್ ಇಳಿದು, ಕರೆಂಟ್ ಜಾಸ್ತಿ ಎಳೆದು, ವೈಂಡಿಂಗ್ ಬಿಸಿಯಾಗುತ್ತದೆ. ತಿಪಟೂರು ಕಡೆಯ ತೆಂಗಿನ ತೋಟಗಳಲ್ಲಿ ಡ್ರಿಪ್ ಮತ್ತು ಮೋಟಾರಿನ ಹೊಂದಾಣಿಕೆಯದೇ ಬೇರೆ ಮಾತು. ಒಂದು ಫೇಸ್ ಹೋದಾಗ ಸ್ಟಾರ್ಟರ್ ತಾನಾಗಿ ಆಫ್ ಆಗದೆ ಮೋಟಾರ್ ಸುಟ್ಟು ಬರುವುದು ಯಾವ ಕಡೆ ಹೆಚ್ಚು, ಪೈಪ್ ಎತ್ತುವ ಗಾಡಿ ಯಾವ ಊರಿಗೆ ಅದೇ ದಿನ ಹೋಗುತ್ತದೆ, ಎಲ್ಲಿಗೆ ಮರುದಿನ, ಹೋಗಿಬರುವ ಬಾಡಿಗೆ ಎಷ್ಟು ಎಂಬುದನ್ನೆಲ್ಲ ಬರೆದೆವು. ಹೀಗೆ ಐದು ಪುಟ ಉಳಿದವು. ಬರೆಯಲು ವಿಷಯ ಕೊಟ್ಟವರು ಮೋಟಾರ್ ಬಿಚ್ಚುವ ಹುಡುಗರು. ಕಚೇರಿಯಲ್ಲಿ ಕೂತು ಬರೆಯುವವರಿಗೆ ಇದು ದಕ್ಕುವುದಿಲ್ಲ.

ತೆಗೆದ ಪುಟಗಳ ವಿಳಾಸಗಳನ್ನು 301 (ಶಾಶ್ವತ ತಿರುವು) ಮೂಲಕ, ಉಳಿಸಿಕೊಂಡ ಪುಟಗಳಲ್ಲಿ ಹತ್ತಿರದ್ದಕ್ಕೆ ತಿರುಗಿಸಿದೆವು. ಇಲ್ಲಿ ಬಹಳ ಜನ ಮಾಡುವ ತಪ್ಪು, ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು. ಸಂಬಂಧವಿಲ್ಲದ ಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಪುಟವೇ ಇಲ್ಲದಂತೆ ಪರಿಗಣಿಸಬಹುದು. ಹೊಂದುವ ಪುಟವಿಲ್ಲದ ವಿಳಾಸ 404 (ಪುಟ ಸಿಗಲಿಲ್ಲ) ಎಂದೇ ಇರಲಿ, ಅದರಿಂದ ಕೇಡಿಲ್ಲ. ಈ ತಿರುವನ್ನು ಕನಿಷ್ಠ ಒಂದು ವರ್ಷ ತೆಗೆಯಬಾರದು.

ಹಳೆಯ ಸೈಟಿನ ಅವಶೇಷಗಳೂ ಇದೇ ವರದಿಯಲ್ಲಿ ಸಿಕ್ಕವು. ವರ್ಡ್‌ಪ್ರೆಸ್‌ಗೆ ಬರುವ ಮುಂಚಿನ ವಿಳಾಸಗಳಿಗೆ ಎಂದೂ ತಿರುವು ಹಾಕಿರಲಿಲ್ಲ, ಬೇರೆಯವರ ಸೈಟುಗಳು ಇನ್ನೂ ಅವಕ್ಕೇ ಲಿಂಕ್ ಕೊಟ್ಟಿದ್ದವು. 404 ಪಟ್ಟಿಯನ್ನು ಲಿಂಕ್‌ಗಳ ವರದಿಯ ಪಕ್ಕ ಇಟ್ಟು ನೋಡಿ, ಹೊರಗಿನಿಂದ ಲಿಂಕ್ ಇರುವ ಒಂಬತ್ತು ವಿಳಾಸಗಳಿಗೆ ಮಾತ್ರ ತಿರುವು ಹಾಕಿದೆವು. ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ ಹುಡುಕುಯಂತ್ರಗಳನ್ನು ತಡೆಯುವ ಚೌಕಕ್ಕೆ ಟಿಕ್ ಬಿದ್ದಿಲ್ಲ ಎಂಬುದನ್ನೂ ನೋಡಿದೆವು. ಸೈಟ್ ಕಟ್ಟುವಾಗ ಹಾಕಿ ಮರೆತ ಆ ಒಂದು ಟಿಕ್ ಎಲ್ಲ ಪುಟಗಳಿಗೂ ನೋಇಂಡೆಕ್ಸ್, ಅಂದರೆ 'ಹುಡುಕಾಟದಲ್ಲಿ ತೋರಿಸಬೇಡಿ' ಎಂಬ ಗುರುತು, ಹಚ್ಚುತ್ತದೆ. ಸೈಟ್ ಸುರಕ್ಷಿತ ಎಂದು ಬ್ರೌಸರಿಗೆ ತೋರಿಸುವ ಎಸ್ಎಸ್ಎಲ್ ಪ್ರಮಾಣಪತ್ರ, ಪುಕ್ಕಟೆಯಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದಾದರೆ 90 ದಿನಕ್ಕೆ ಮುಗಿಯುತ್ತದೆ. ಮುಗಿಯುವ ಮುನ್ನ ಬರುತ್ತಿದ್ದ ಇಮೇಲ್ ಎಚ್ಚರಿಕೆಯನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ, ಆದ್ದರಿಂದ ತಾನಾಗಿ ನವೀಕರಣ ಆಗುತ್ತಿದೆಯೇ ಎಂದು ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕಣ್ಣಾರೆ ನೋಡಿ.

ಕನ್ನಡ ಪುಟ ಇತ್ತು, ಕನ್ನಡ ಇರಲಿಲ್ಲ

ಇಡೀ ಕೆಲಸದಲ್ಲಿ ನಮಗೆ ಅತ್ಯಂತ ಬೇಸರ ತಂದದ್ದು ಇದು. ಸೈಟಿನಲ್ಲಿ ಕನ್ನಡ ಪುಟಗಳು ಕಣ್ಣಿಗೆ ಕಾಣುತ್ತಿದ್ದವು, ಗೂಗಲ್‌ಗೆ ಕಾಣುತ್ತಿರಲಿಲ್ಲ. ಎರಡು ಪುಟಗಳ ಪಠ್ಯ ಫ್ಲೆಕ್ಸ್ ಮಾಡುವ ಕಡೆಯಿಂದ ಬಂದ ಚಿತ್ರ. ಮೂರನೆಯದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ದು. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿ ತೆರೆಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಪತ್ತೆ ಮಾಡುವುದು ಸುಲಭ: ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪಿಗೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ಚಿತ್ರವಿಚಿತ್ರ ಅಕ್ಷರ ಬಂದರೆ ಅಲ್ಲ. ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಓದಿ ತಿದ್ದಬೇಕು, ಅಲ್ಲೇ ತಪ್ಪು ಹೆಚ್ಚು ಉಳಿಯುವುದು.

ಪದಗಳ ಆಯ್ಕೆಗೂ ಸರ್ಚ್ ಕನ್ಸೋಲ್‌ನ ಪಟ್ಟಿಯೇ ಗುರು. ಮೋಟಾರ್, ಮೋಟರ್, ವೈಂಡಿಂಗ್, ರಿವೈಂಡಿಂಗ್, ಬೋರ್‌ವೆಲ್, ಬೋರ್ವೆಲ್, ಕೊಳವೆಬಾವಿ. ಜನ ಎಲ್ಲವನ್ನೂ ಬರೆಯುತ್ತಾರೆ. 'ಕೊಳವೆಬಾವಿ' ಪತ್ರಿಕೆಯ ಪದ, ಅಂಗಡಿಗೆ ಫೋನ್ ಮಾಡುವವರು 'ಬೋರ್ ಮೋಟ್ರು' ಎನ್ನುತ್ತಾರೆ. ಪುಟದಲ್ಲಿ ಮುಖ್ಯವಾಗಿ ಒಂದನ್ನು ಬಳಸಿ, ಇನ್ನೊಂದು ರೂಪ ಸಹಜವಾಗಿ ಬರುವ ಕಡೆ ಬಂದರೆ ಸಾಕು. ಎಲ್ಲವನ್ನೂ ಕೊನೆಯಲ್ಲಿ ಪೋಣಿಸಿಡುವುದು ಓದುವವರಿಗೂ ಗೂಗಲ್‌ಗೂ ಹಿಡಿಸುವುದಿಲ್ಲ. ಊರಿನ ಇಂಗ್ಲಿಷ್ ಹೆಸರಿಗೂ ಇದೇ ತೊಡಕು. 2014ರ ನವೆಂಬರ್ 1ರಿಂದ ಅಧಿಕೃತ ಕಾಗುಣಿತ ಬದಲಾಗಿ 'ತುಮಕೂರು' ಎಂದಾಗಿದ್ದರೂ ಜನ ಹುಡುಕುವಾಗ ಹಳೆಯ 'ಟುಮ್ಕೂರ್' ಕಾಗುಣಿತವನ್ನೂ ಬರೆಯುತ್ತಾರೆ. ಇಂಗ್ಲಿಷ್ ಪುಟದ ವಿಳಾಸದ ಸಾಲಿನಲ್ಲಿ ಒಂದನ್ನು, ಪಠ್ಯದಲ್ಲಿ ಇನ್ನೊಂದನ್ನು ಇಟ್ಟೆವು.

ಕನ್ನಡ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಒಂದೊಂದು ಕನ್ನಡ ಚಿಹ್ನೆ 9 ಅಕ್ಷರವಾಗಿ ಹಿಗ್ಗುತ್ತದೆ, ವಿಳಾಸಕ್ಕೆ ಇರುವ ಜಾಗ 200. ಹಾಗಾಗಿ 22 ಚಿಹ್ನೆ ದಾಟಿದರೆ ಉಳಿದದ್ದು ಕತ್ತರಿಸಿ ಹೋಗುತ್ತದೆ, ಅದೂ ಪದದ ನಡುವೆ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ ಆದ್ದರಿಂದ 22 ಎಂದರೆ ಎರಡು ಮೂರು ಪದ ಅಷ್ಟೇ. ವಾಟ್ಸಾಪಿನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ ಕಾಣುತ್ತದೆ, ನೋಡಿದವರು ಮೋಸದ ಲಿಂಕ್ ಎಂದು ಒತ್ತುವುದಿಲ್ಲ. ಕನ್ನಡ ಪುಟಕ್ಕೂ ಚಿಕ್ಕ ಇಂಗ್ಲಿಷ್ ಅಕ್ಷರದ ವಿಳಾಸ ಕೈಯಿಂದ ಕೊಡಿ. ಪುಟ ಆಗಲೇ ಇಂಡೆಕ್ಸ್ ಆಗಿದ್ದರೆ ಬದಲಿಸುವಾಗ ತಿರುವು ಮರೆಯಬೇಡಿ.

ಮ್ಯಾಪಿನಲ್ಲಿರುವ ಅಂಗಡಿ

ಹತ್ತಿರದ ವೈಂಡಿಂಗ್ ಅಂಗಡಿ ಬೇಕಾದವರು ಮೊದಲು ನೋಡುವುದು ಮ್ಯಾಪ್ ಇರುವ ಪಟ್ಟಿಯನ್ನು. ಅಲ್ಲಿಂದಲೇ ಫೋನ್ ಒತ್ತಿದರೆ ಸೈಟಿನ ಲೆಕ್ಕಕ್ಕೆ ಅದು ಬರುವುದೇ ಇಲ್ಲ, ಅಂಗಡಿಯ ಲೆಕ್ಕಕ್ಕೆ ಬರುತ್ತದೆ. ಮ್ಯಾಪಿನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ ಕರೆ, ದಾರಿ ಕೇಳಿದವರು, ಸೈಟಿಗೆ ಹೋದವರು ಮೂರೂ ಸಿಗುತ್ತವೆ. ಇದನ್ನೂ ತಿಂಗಳಿಗೊಮ್ಮೆ ಶೀಟಿಗೆ ಬರೆದುಕೊಳ್ಳಿ.

ಇಲ್ಲೊಂದು ಹಳೆಯ ಗಾಯ ಇತ್ತು. ಅಂಗಡಿಯ ವಿಸಿಟಿಂಗ್ ಕಾರ್ಡ್ ಮತ್ತು ಗಾಡಿಯ ಮೇಲಿನ ಕ್ಯೂಆರ್ ಕೋಡ್ ಹೋಗುತ್ತಿದ್ದದ್ದು ಗೂಗಲ್ ಪುಕ್ಕಟೆಯಾಗಿ ಕೊಡುತ್ತಿದ್ದ ಪುಟಾಣಿ ಸೈಟಿಗೆ. ಆ ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಜೂನ್ 10ರವರೆಗೆ ಪ್ರೊಫೈಲಿಗೆ ತಿರುಗಿಸಿ, ಆಮೇಲೆ ಅದನ್ನೂ ನಿಲ್ಲಿಸಿತು. ಅಂದಿನಿಂದ ಕೋಡ್ ಸ್ಕ್ಯಾನ್ ಮಾಡಿದವರಿಗೆ ಖಾಲಿ ಪುಟ. ಹೊಸ ಸ್ಟಿಕರ್ ಅಚ್ಚು ಹಾಕಿಸುವಾಗ ಕ್ಯೂಆರ್ ಅನ್ನು ಅಂಗಡಿಯ ಸ್ವಂತ ಡೊಮೇನಿನ ಒಂದು ಚಿಕ್ಕ ವಿಳಾಸಕ್ಕೆ ಕೊಟ್ಟೆವು. ನಾಳೆ ಎಲ್ಲಿಗಾದರೂ ತಿರುಗಿಸಬೇಕೆಂದರೆ ಗಾಡಿಯ ಸ್ಟಿಕರ್ ಕೀಳಬೇಕಾಗಿಲ್ಲ.

ಪ್ರೊಫೈಲ್‌ನ ಹೆಸರಿನಲ್ಲಿ ಅಂಗಡಿಯ ಬೋರ್ಡಿನಲ್ಲಿರುವುದಷ್ಟೇ ಇರಬೇಕು. ಇಲ್ಲಿ ಹೆಸರಿನ ಮುಂದೆ "ಬೋರ್‌ವೆಲ್ ಮೋಟಾರ್ ರಿಪೇರಿ ತುಮಕೂರು" ಎಂದು ಸೇರಿಸಿದ್ದರು. ನಿಯಮಕ್ಕೆ ವಿರುದ್ಧ, ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು, ಬೇಸಿಗೆಯ ನಡುವೆ ಅದಾದರೆ ನಷ್ಟ ದೊಡ್ಡದು. ತೆಗೆದೆವು. ವರ್ಗವನ್ನು ಗೂಗಲ್ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು, ಮುಖ್ಯ ವರ್ಗಕ್ಕೆ ತೂಕ ಹೆಚ್ಚು. ಅಂಗಡಿ ಬೆಳಿಗ್ಗೆ 8ಕ್ಕೆ ತೆರೆಯುತ್ತಿದ್ದರೂ ಪ್ರೊಫೈಲ್‌ನಲ್ಲಿ 10 ಎಂದಿತ್ತು. ರಾತ್ರಿ ತ್ರೀ ಫೇಸ್ ಬಂದಾಗ ಮೋಟಾರ್ ಹಾಕಿ ಸುಟ್ಟದ್ದು ಗೊತ್ತಾಗಿ ಜನ ಫೋನ್ ಮಾಡುವುದೇ ಬೆಳಗಿನ ಆ ಎರಡು ಗಂಟೆಯಲ್ಲಿ. ವಿಮರ್ಶೆ ಬರೆಯಲು ಕೆಲಸ ಮುಗಿದ ದಿನವೇ ಎಲ್ಲ ಗಿರಾಕಿಗಳಿಗೂ ಲಿಂಕ್ ಕಳಿಸುವುದು ಸರಿಯಾದ ದಾರಿ. ರಿಯಾಯಿತಿ ಕೊಟ್ಟು ಬರೆಯಿಸುವುದು ನಿಯಮಬಾಹಿರ.

ಪ್ರೊಫೈಲ್‌ನಲ್ಲಿರುವ ಸೈಟಿನ ಲಿಂಕಿಗೆ ಯುಟಿಎಂ ಬಾಲ (ಎಲ್ಲಿಂದ ಬಂದರು ಎಂದು ತಿಳಿಸುವ ಗುರುತು) ಸೇರಿಸಿದರೆ ಮ್ಯಾಪಿನಿಂದ ಬಂದವರು ಅನಲಿಟಿಕ್ಸ್‌ನಲ್ಲಿ ಬೇರೆಯಾಗಿ ಕಾಣುತ್ತಾರೆ. ಒಳ್ಳೆಯದೇ, ಆದರೆ ಸರ್ಚ್ ಕನ್ಸೋಲ್‌ನಲ್ಲಿ ಅದು ಪ್ರತ್ಯೇಕ ವಿಳಾಸವಾಗಿ ಮೂಡಿ, ಮುಖಪುಟದ ಕ್ಲಿಕ್ ಮರುದಿನದಿಂದಲೇ ಕಡಿಮೆಯಾದಂತೆ ತೋರುತ್ತದೆ. ಎರಡು ಸಾಲು ಕೂಡಿಸಿ ಓದಿ. ಸೇರಿಸಿದ ದಿನಾಂಕ ಶೀಟಿನಲ್ಲಿ ಬರೆದಿಡಿ.

ಇನ್ನೊಂದು ಚಿಕ್ಕ ದುರಸ್ತಿಯಿಂದ ಬಂದ ಫಲ ದೊಡ್ಡದು. ಸೈಟಿನ ಮೇಲ್ಭಾಗದ ಫೋನ್ ನಂಬರ್ ಚಿತ್ರದೊಳಗಿತ್ತು, ಬೆರಳಿಟ್ಟರೆ ಕರೆ ಹೋಗುತ್ತಿರಲಿಲ್ಲ. ನಂಬರನ್ನು ಪಠ್ಯವಾಗಿ ಬರೆದು ಕರೆಯ ಲಿಂಕ್ ಕೊಟ್ಟೆವು, ಪರದೆಯ ಕೆಳಗೆ ಕದಲದಂತೆ ಕರೆ ಮತ್ತು ವಾಟ್ಸಾಪ್ ಗುಂಡಿ ಇಟ್ಟೆವು. ಅನಲಿಟಿಕ್ಸ್ ತಾನಾಗಿ ಎಣಿಸುವ ಹೊರಲಿಂಕ್‌ಗಳಲ್ಲಿ ಕರೆಯ ಲಿಂಕ್ ಸೇರುವುದಿಲ್ಲ, ಗೂಗಲ್‌ನ ಟ್ಯಾಗ್ ಮ್ಯಾನೇಜರ್‌ನಲ್ಲಿ ಅದಕ್ಕೆ ಬೇರೆ ಟ್ರಿಗರ್ (ಒತ್ತಿದಾಗ ಎಣಿಸುವ ಏರ್ಪಾಡು) ಮಾಡಬೇಕು. ಮೇಲಿನ ದೊಡ್ಡ ಚಿತ್ರಗಳನ್ನು ಹಗುರ ಮಾಡಿ ಮುಖ್ಯ ಭಾಗ ಮೊಬೈಲಿನಲ್ಲಿ 2.5 ಸೆಕೆಂಡಿನೊಳಗೆ ಕಾಣುವಂತೆ ಮಾಡಿದೆವು. ಇದರಿಂದ ಸ್ಥಾನ ಏರಿತು ಎಂದು ಹೇಳಲಾರೆವು. ಹೊಲದಲ್ಲಿ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಹುಡುಕುವವರಿಗೆ ಪುಟ ತೆರೆಯುವಂತಾಯಿತು.

ಕಾಯುವುದು

ಜೂನ್ 30ರಿಂದ ಜುಲೈ 17ರವರೆಗೆ ಗೂಗಲ್‌ನ ಕೋರ್ ಅಪ್‌ಡೇಟ್, ಅಂದರೆ ಸ್ಥಾನ ನಿರ್ಧರಿಸುವ ಪದ್ಧತಿಯ ದೊಡ್ಡ ಬದಲಾವಣೆ, ನಡೆಯುತ್ತಿತ್ತು. ಆ ದಿನಗಳಲ್ಲಿ ಸ್ಥಾನ ಏರಿಳಿದದ್ದನ್ನು ನಮ್ಮ ತಿದ್ದುಪಡಿಯ ಲೆಕ್ಕಕ್ಕೆ ಹಾಕಲಿಲ್ಲ. ಅಪ್‌ಡೇಟ್ ಮುಗಿದು ಪೂರ್ತಿ ಒಂದು ವಾರ ಕಳೆದ ಮೇಲೆ, ಶುರುವಾಗುವ ಹಿಂದಿನ ವಾರದ ಜೊತೆ ಹೋಲಿಸಬೇಕು. ಊರಿನ ಪುಟಗಳ ಕೆಲಸವನ್ನು ಅದಕ್ಕಾಗಿಯೇ ಆಗಸ್ಟ್‌ಗೆ ಇಟ್ಟುಕೊಂಡೆವು. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ಹೇಳಲಾಗುವುದಿಲ್ಲ. ಯೂನಿಕೋಡ್‌ಗೆ ತಂದ ಕನ್ನಡ ಪುಟಗಳಿಗೆ ಮೊದಲ ಬಾರಿ ಕನ್ನಡ ಹುಡುಕು ಪದಗಳು ಕಾಣಿಸಿಕೊಂಡವು. ಐದು ಊರಿನ ಪುಟಗಳಲ್ಲಿ ಮೂರು ಅಕ್ಟೋಬರ್ ಹೊತ್ತಿಗೆ ಮೊದಲ ಪುಟಕ್ಕೆ ಬಂದವು, ಎರಡು ಇನ್ನೂ ಬಂದಿಲ್ಲ. ಒಟ್ಟು ಕ್ಲಿಕ್ 2024ರ ಮಟ್ಟಕ್ಕೆ ಏರಲಿಲ್ಲ, ಕೆಪಾಸಿಟರ್ ಲೇಖನದ ಪಾಲು ಬಿಟ್ಟರೆ ಅದು ಏರಬೇಕಾಗಿಯೂ ಇಲ್ಲ.

ಅಂಗಡಿಯ ಫೋನಿನ ಪಕ್ಕ ಈಗ ಒಂದು ಉದ್ದನೆಯ ನೋಟ್‌ಬುಕ್ ಇದೆ. ದಿನಾಂಕ, ಊರು, ಎಷ್ಟು ಎಚ್‌ಪಿ, ನಂಬರ್ ಎಲ್ಲಿ ಸಿಕ್ಕಿತು, ಕೆಲಸ ಬಂತೋ ಇಲ್ಲವೋ ಎಂಬ ಐದು ಕಾಲಂ. "ನಂಬರ್ ಎಲ್ಲಿ ಸಿಕ್ತು ಅಣ್ಣಾ?" ಎಂದು ಕೇಳಿ ಬರೆಯುವುದು ಫೋನ್ ಎತ್ತಿದವರ ಕೆಲಸ. ಮ್ಯಾಪ್, ಸೈಟ್, ಗಾಡಿಯ ಸ್ಟಿಕರ್, ಪರಿಚಯದವರು ಎಂದು ಅಡ್ಡಗೆರೆ ಹಾಕಿದರೆ ಸಾಕು. ಮುಂದಿನ ಹೋಲಿಕೆ 2026ರ ಮಾರ್ಚ್‌ನಿಂದ ಮೇವರೆಗಿನದು. ಆ ಹೊತ್ತಿಗೆ ಸರ್ಚ್ ಕನ್ಸೋಲ್‌ನಲ್ಲಿ 2024ರ ಬೇಸಿಗೆ ಇರುವುದಿಲ್ಲ. ಇಳಿಸಿಟ್ಟ ಶೀಟಿನಲ್ಲಿ ಇದೆ, ಪಕ್ಕದ ಕಾಲಂನಲ್ಲಿ ಆ ವರ್ಷ ಬರ ಇತ್ತು ಎಂದು ಬರೆದಿದ್ದೇವೆ.